ಸುರ್ಮಾ ಹಚ್ಚಿದ ಭೂತ: ಆಲಿಸ್ ಕೂಪರ್ ಹಾಡುಗಳನ್ನು ಕೇಳುತ್ತಾ

ಮೂರು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಗ್ಯಾದರಿಂಗ್ ತಯಾರಿ ನಡೀತಿತ್ತು. ಮುಂಬೈ ಕಡೆ ವಾರ್ಷಿಕೋತ್ಸವಕ್ಕೆ ಹಾಗೇ ಅನ್ನೋದು. ಯಾವ ಕ್ಲಾಸಿನವರು ಏನು ಮಾಡ್ತಾರೆ ಅನ್ನೋ ಪಟ್ಟಿ ನನ್ನ ಕೈಯಲ್ಲಿತ್ತು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ನಾಲ್ಕು ಜನ ಗೆಳೆಯರನ್ನು ಕರಕೊಂಡು ಬಂದು ತನ್ನ ಐಟಂ ಹೇಳಿದ. ಅವನು ಕಣ್ಣಿನ ಸುತ್ತ ಕಪ್ಪು ಬಳಿದುಕೊಂಡು ಬರ್ತಾನೆ, ಶಾಲೆ ಮುಗೀತು ಅನ್ನೋ ಒಂದು ಇಂಗ್ಲಿಷ್ ಹಾಡು ಹಾಡ್ತಾನೆ, ಕೊನೆಗೆ ಗೆಳೆಯರೆಲ್ಲ ಸೇರಿ ಅವನನ್ನು ಹಿಡಿದು ಥರ್ಮೋಕೋಲಿನ ಗಿಲೊಟಿನ್‌ಗೆ ತಲೆ ಕೊಡಿಸ್ತಾರೆ. ಬುಟ್ಟಿಯೊಳಗೆ ಒಂದು ಎಲೆಕೋಸು ಬೀಳುತ್ತೆ. ಆಮೇಲೆ ಅವನೇ ಬಿಳಿ ಕೋಟು ಹಾಕ್ಕೊಂಡು ನಗ್ತಾ ವಾಪಸ್ ಬರ್ತಾನೆ.

ಇದೆಲ್ಲ ಎಲ್ಲಿಂದ ಬಂತು ಅಂತ ಕೇಳಿದೆ. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಉದ್ದ ಕೂದಲಿನ ಒಬ್ಬ ಮನುಷ್ಯ, ಕಣ್ಣಿನಿಂದ ಕೆನ್ನೆಗೆ ಇಳಿದ ಕಪ್ಪು ಗೆರೆ, ಕೊರಳಲ್ಲಿ ಜೀವಂತ ಹೆಬ್ಬಾವು. ಇಪ್ಪತ್ತು ಸೆಕೆಂಡು ನೋಡಿರಬಹುದು, ಅಷ್ಟೇ. "ತೌಬಾ, ಇದೇನು ಗಲೀಜು" ಅಂದೆ. ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದೆ. ಮೇಲಿನವರಿಗೂ ಹೇಳಿದೆ. ಅವನ ಅಬ್ಬಾನನ್ನು ಕರೆಸಿದರು. ಬಿಜಾಪುರ ಕಡೆಯವರು, ಸಭ್ಯಸ್ಥರು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು: "ಟೀಚರ್, ಇದು ಸೈತಾನನ ಪೂಜಾ ಅಲ್ಲೇನ್ರಿ?" ನಾನು, "ಹೂಂ, ಅಂಥದ್ದೇ ಏನೋ" ಅಂದೆ. ಒಂದು ಹಾಡನ್ನೂ ಪೂರ್ತಿ ಕೇಳದೆ ಅಂದೆ.

ಹುಡುಗ ವಾದ ಮಾಡಲಿಲ್ಲ. ಗ್ಯಾದರಿಂಗ್ ದಿನ ದೇಶಭಕ್ತಿಯ ಡ್ಯಾನ್ಸಿನಲ್ಲಿ ಮೂರನೇ ಸಾಲಿನಲ್ಲಿ ನಿಂತು ಕೈ ಎತ್ತಿ ಇಳಿಸಿದ. ಹತ್ತನೇ ಕ್ಲಾಸು ಮುಗಿಸಿ ಹೋಗುವಾಗ ಒಂದು ಚೀಟಿ ಕೊಟ್ಟ. ನಾಲ್ಕು ಹಾಡಿನ ಹೆಸರಿತ್ತು. "ಮಿಸ್, ಒಂದ್ಸಲ ಕೇಳಿ. ಆಮೇಲೆ ಬೈರಿ." ಆ ಚೀಟಿ ಬಹಳ ದಿನ ಪರ್ಸಿನಲ್ಲೇ ಇತ್ತು. ಕಡೆಗೊಂದು ದಿನ ಲೋಕಲ್ ಟ್ರೇನಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಇಯರ್‌ಫೋನ್ ಹಾಕ್ಕೊಂಡೆ. ಆಮೇಲೆ ನಾಲ್ಕರಿಂದ ನಲವತ್ತಾಯ್ತು. ನಾನು ಸಂಗೀತ ಕಲಿತವಳಲ್ಲ, ಪಾಠ ಹೇಳುವವಳು. ಆದರೆ ಕೇಳದೆ ಬೈದವಳು ಕೇಳಿದ ಮೇಲೆ ಏನನ್ನಿಸಿತು ಅಂತ ಹೇಳಲೇಬೇಕಲ್ಲ.

ಆಲಿಸ್ ಕೂಪರ್ ಅನ್ನೋದು ಮೊದಲು ಐದು ಜನರ ಒಂದು ತಂಡದ ಹೆಸರು. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಊರಿನಲ್ಲಿ ಹೈಸ್ಕೂಲಿನ ಹುಡುಗರು ಸೇರಿ ಕಟ್ಟಿಕೊಂಡ ಬ್ಯಾಂಡು. ಎರಡು ಮೂರು ಹೆಸರು ಬದಲಿಸಿ, 1968ರಲ್ಲಿ ಈ ಹೆಸರಿಗೆ ಬಂದು ನಿಂತರು. ಹಾಡುವವನ ನಿಜನಾಮ ವಿನ್ಸೆಂಟ್ ಫರ್ನಿಯರ್. 1948ರಲ್ಲಿ ಡೆಟ್ರಾಯ್ಟ್‌ನಲ್ಲಿ ಹುಟ್ಟಿದವನು. ಗಮನಿಸಿ, ಅವನ ತಂದೆ ಒಂದು ಸಣ್ಣ ಕ್ರೈಸ್ತ ಪಂಗಡದ ಧರ್ಮಬೋಧಕರು, ಅಜ್ಜ ಅದೇ ಪಂಗಡದ ದೊಡ್ಡ ಹುದ್ದೆಯಲ್ಲಿದ್ದವರು. ಚರ್ಚಿನ ಮನೆಯ ಹುಡುಗ. ಆಲಿಸ್ ಕೂಪರ್ ಅನ್ನೋದು ಹಳೇ ಕಾಲದ ಒಬ್ಬ ಮಾಟಗಾತಿಯ ಹೆಸರು ಅಂತ ಆಗ ಒಂದು ಸುದ್ದಿ ಹಬ್ಬಿತ್ತು. ಹಬ್ಬಲಿ ಅಂತ ಇವರೂ ಸುಮ್ಮನಿದ್ದರು. ನಿಜ ಏನಂದ್ರೆ ಆ ಹೆಸರು ಕೇಳಿದರೆ ಬಿಸ್ಕೆಟ್ ಕೊಡೋ ಒಬ್ಬ ಪಾಪದ ಅಜ್ಜಿ ನೆನಪಾಗಬೇಕು ಅನ್ನೋದೇ ತಮಾಷೆ. ಪರದೆ ಸರಿದಾಗ ಅಜ್ಜಿಯ ಜಾಗದಲ್ಲಿ ಗಡ್ಡ ಕೆರೆದ, ಸುರ್ಮಾ ಬಳಿದ, ಹರಿದ ಬಟ್ಟೆಯ ಐದು ಗಂಡಸರು!

ಭಯವನ್ನು ಹಾಡಿಗೆ ತಂದವರಲ್ಲಿ ಇವರೇ ಮೊದಲಿಗರೇನಲ್ಲ. 1956ರಲ್ಲೇ ಸ್ಕ್ರೀಮಿನ್ ಜೇ ಹಾಕಿನ್ಸ್ ಅನ್ನೋ ಕಪ್ಪು ಗಾಯಕ ಮಾಟದ ಹಾಡು ಹಾಡಿ ಹೆಸರಾದ, ಆಮೇಲೆ ಸ್ಟೇಜಿನ ಮೇಲೆ ಶವಪೆಟ್ಟಿಗೆಯಿಂದ ಎದ್ದು ಬರ್ತಿದ್ದ. 1968ರಲ್ಲಿ ಇಂಗ್ಲೆಂಡಿನ ಆರ್ಥರ್ ಬ್ರೌನ್ ತಲೆ ಮೇಲೆ ಬೆಂಕಿ ಹಚ್ಚಿಕೊಂಡು ಹಾಡಿದ. ಆದರೆ ಒಂದಿಡೀ ಸಂಜೆಯನ್ನು ಕಥೆಯ ಹಾಗೆ ಹೆಣೆದು, ಅದಕ್ಕೆ ಪಾಪ, ಶಿಕ್ಷೆ, ವಾಪಸಾತಿ ಅಂತ ಒಂದು ಕ್ರಮ ಕೊಟ್ಟವರು ಆಲಿಸ್ ಕೂಪರ್ ತಂಡದವರು.

ಮೊದಲೆರಡು ಆಲ್ಬಮ್ಮು ಯಾರಿಗೂ ಬೇಕಾಗಲಿಲ್ಲ. ನಾನೂ ಕೇಳಿದೆ, ತಲೆಬುಡ ಇಲ್ಲ. ಆಮೇಲೆ ಕೆನಡಾದ ಬಾಬ್ ಎಜ್ರಿನ್ ಅನ್ನೋ ಹುಡುಗ ಪ್ರೊಡ್ಯೂಸರ್ ಆಗಿ ಬಂದ. ಅವನು ಮಾಡಿದ್ದು ಮೇಷ್ಟ್ರ ಕೆಲಸ. ಇವರು ಸ್ಟೇಜಿನಲ್ಲಿ ಎಷ್ಟೋ ಹೊತ್ತು ಎಳೀತಿದ್ದ ಒಂದು ಹಾಡನ್ನು ಹಿಡಿದು, ಇದು ಬೇಡ, ಅದು ಬೇಡ, ಇಷ್ಟು ಸಾಕು ಅಂತ ಕತ್ತರಿಸಿ ಮೂರು ನಿಮಿಷಕ್ಕೆ ತಂದು ನಿಲ್ಲಿಸಿದ. ಅದೇ 'ಐ ಆ್ಯಮ್ ಎಯ್ಟೀನ್'. ಹದಿನೆಂಟು ವರ್ಷ, ಇತ್ತ ಹುಡುಗನೂ ಅಲ್ಲ ಅತ್ತ ಗಂಡಸೂ ಅಲ್ಲ, ಏನು ಬೇಕು ಅಂತ ಗೊತ್ತಿಲ್ಲ ಅನ್ನೋ ಗೋಳು. ಇಡೀ ಹಾಡು ಗೋಳಾಡಿ ಕೊನೆಗೆ, ಆದರೂ ಈ ವಯಸ್ಸು ನಂಗೆ ಇಷ್ಟ ಅಂತ ಕಿರುಚ್ತಾನೆ. ಆ ಕೊನೆಯ ತಿರುವು ಕೇಳಿ ಟ್ರೇನಿನಲ್ಲಿ ನನಗೆ ನಗು ಬಂತು. ಹನ್ನೆರಡು ವರ್ಷದಿಂದ ಈ ವಯಸ್ಸಿನ ಮಕ್ಕಳ ಜೊತೆಗಿದೀನಿ. ಅವರ ದುಃಖದಲ್ಲಿ ಅರ್ಧ ನಿಜ, ಅರ್ಧ ಮಜಾ. ಬಿ.ಎಡ್. ಪುಸ್ತಕಗಳಲ್ಲಿ ಹದಿಹರೆಯದ ಮನಶ್ಶಾಸ್ತ್ರ ಅಂತ ದೊಡ್ಡ ಅಧ್ಯಾಯ ಓದಿದ್ದೆ, ಅಲ್ಲಿ ಈ ಮಜಾದ ಮಾತು ಇರಲಿಲ್ಲ.

ಈಗ ಆ ಹುಡುಗ ಆರಿಸಿದ್ದ ಹಾಡಿಗೆ ಬರ್ತೀನಿ. 'ಸ್ಕೂಲ್ಸ್ ಔಟ್', 1972. ಶುರುವಿನ ಗಿಟಾರ್ ತುಂಡನ್ನು ಗ್ಲೆನ್ ಬಕ್ಸ್‌ಟನ್ ನುಡಿಸಿದ್ದು. ಗಮನ ಇಟ್ಟು ಕೇಳಿದರೆ ಅದು ಮಕ್ಕಳು ಗಲ್ಲಿಯಲ್ಲಿ ಒಬ್ಬರನ್ನೊಬ್ಬರು ರೇಗಿಸುವಾಗ ಎಳೀತಾರಲ್ಲ, ಆ ರಾಗದ್ದೇ ಚಾಳಿ. ನಾಲಗೆ ಚಾಚಿದ ಹಾಗೆ. ಮಧ್ಯದಲ್ಲಿ ಚಿಕ್ಕ ಮಕ್ಕಳ ಕೋರಸ್ ಬರುತ್ತೆ, ಕೊನೆಗೆ ಶಾಲೆಯ ಗಂಟೆ ಬಾರಿಸುತ್ತೆ. ಆದರೆ ಟೀಚರ್ ಆಗಿ ನನಗೆ ತುಂಬಾ ಹಿಡಿಸಿದ್ದು ಪದಗಳು. ಶಾಲೆಗೆ ಸಂಬಂಧಪಟ್ಟ ಕ್ಲಾಸು, ಪ್ರಿನ್ಸಿಪಲ್ ಅನ್ನೋ ಪದಗಳ ಎರಡೆರಡು ಅರ್ಥದ ಮೇಲೆ ಶ್ಲೇಷೆ ಕಟ್ಟಿ, ನಮಗೆ ಅಂತಸ್ತೂ ಇಲ್ಲ, ತತ್ವವೂ ಇಲ್ಲ ಅಂತ ಹೇಳಿ ಬಿಡ್ತಾನೆ. ಅದೇ ಉಸಿರಿನಲ್ಲಿ, ಪ್ರಾಸಕ್ಕೆ ಒಂದು ಪದವೂ ನಮಗೆ ಹೊಳೀತಿಲ್ಲ ಅಂತ ಒಪ್ಪಿಕೊಂಡು, ಪ್ರಾಸ ಬರಬೇಕಾದ ಜಾಗದಲ್ಲಿ ಪ್ರಾಸ ತಪ್ಪಿಸ್ತಾನೆ. ಕಲಿಯದ ಹುಡುಗನ ಕಥೆಯನ್ನು ಕಲಿಯದ ಸಾಲಿನಲ್ಲೇ ಹೇಳೋದು. ಇಂಥ ಸಾಲನ್ನು ದಡ್ಡ ಬರೆಯಲಾರ. ಶ್ಲೇಷೆ ಪಾಠ ಮಾಡುವಾಗ ನಾನು ಕೊಡೋ ಉದಾಹರಣೆಗಳಿಗಿಂತ ಇದು ಚುರುಕಾಗಿದೆ ಅಂತ ಹೇಳೋಕೆ ನಾಚಿಕೆ ಇಲ್ಲ.

ಈ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅಲ್ಲಿ ಮೇರಿ ವೈಟ್‌ಹೌಸ್ ಅಂತ ಒಬ್ಬ ಮಹಿಳೆ ಇದ್ದರು, ಟಿವಿ ರೇಡಿಯೋಗಳ ನೀತಿ ಕಾಯೋದೇ ಅವರ ಹೋರಾಟ. ಅವರೂ ಮೊದಲು ಟೀಚರ್ ಆಗಿದ್ದವರೇ! ಬಿಬಿಸಿ ಇದನ್ನು ಪ್ರಸಾರ ಮಾಡಬಾರದು ಅಂತ ಹಟ ಹಿಡಿದರು. ಮರುವರ್ಷ ಲಿಯೋ ಆಬ್ಸ್ ಅನ್ನೋ ಸಂಸದ, ಈ ತಂಡವನ್ನು ದೇಶದೊಳಗೇ ಬಿಡಬೇಡಿ ಅಂದ. ಹಾಡಿನ ಪ್ರಚಾರ ಇಷ್ಟು ಚೆನ್ನಾಗಿ, ಅದೂ ಪುಕ್ಕಟೆ ಆಗಿದ್ದಕ್ಕೆ ಆಲಿಸ್ ಕೂಪರ್ ಕಡೆಯಿಂದ ವೈಟ್‌ಹೌಸ್ ಅವರಿಗೆ ಒಂದು ಹೂಗುಚ್ಛ ಹೋಯಿತು. ಇದನ್ನು ಓದಿದಾಗ ಪಟ್ಟಿಯ ಮೇಲೆ ನಾನೆಳೆದ ಗೆರೆ ನೆನಪಾಯ್ತು. ನನಗೆ ಹೂವು ಬರಲಿಲ್ಲ, ಚೀಟಿ ಬಂತು.

ನೀವು ಕೇಳಬಹುದು: ಹಾಡು ಸರಿ, ಆ ರಕ್ತ, ಆ ಹಾವು, ಆ ಗಲ್ಲುಗಂಬ ಯಾಕೆ ಬೇಕಿತ್ತು?

ಇದಕ್ಕೆ ಮೊದಲು ಕೋಳಿಯ ಕಥೆ ಹೇಳಬೇಕು. 1969ರ ಸೆಪ್ಟೆಂಬರಿನಲ್ಲಿ ಟೊರಾಂಟೋದ ಒಂದು ದೊಡ್ಡ ಸಂಗೀತ ಮೇಳದಲ್ಲಿ ಇವರು ಹಾಡ್ತಿದ್ದಾಗ ಸ್ಟೇಜಿನ ಮೇಲೆ ಒಂದು ಜೀವಂತ ಕೋಳಿ ಬಂತು. ಪೇಟೆಯಲ್ಲಿ ಬೆಳೆದ ಹುಡುಗ, ರೆಕ್ಕೆ ಇದೆಯಲ್ಲ ಹಾರುತ್ತೆ ಅಂದುಕೊಂಡು ಜನರ ಕಡೆ ಎಸೆದ. ಕೋಳಿ ಹಾರಲಿಲ್ಲ, ಬಿತ್ತು. ಜನ ಅದನ್ನು ಹರಿದು ಹಾಕಿದರು. ಮರುದಿನದ ಸುದ್ದಿ ಏನಂದ್ರೆ, ಹಾಡುವವನೇ ಕೋಳಿಯ ಕತ್ತು ಕಚ್ಚಿ ರಕ್ತ ಕುಡಿದ ಅಂತ. ಭೂತದ ವೇಷ ಹಾಕಿದ್ದವನು ಸ್ಟೇಜಿನ ಮೇಲಿದ್ದ. ಕೋಳಿಯನ್ನು ಹರಿದವರು ಟಿಕೆಟ್ ಕೊಂಡು ಬಂದು ಮುಂದೆ ನಿಂತಿದ್ದ ಸಾಮಾನ್ಯ ಜನ. ಈ ಘಟನೆ ನನಗೆ ಅವನ ಯಾವ ಹಾಡಿಗಿಂತಲೂ ಹೆಚ್ಚು ಭಯ ಹುಟ್ಟಿಸ್ತು. ಕೋಳಿಯ ಮಟ್ಟಿಗೆ ಅದು ಆಟ ಆಗಿರಲಿಲ್ಲ, ಆ ದಿನ ತಂಡದ್ದೂ ತಪ್ಪೇ. ಆದರೆ ಜನರಿಗೆ ಒಬ್ಬ ಖಳನಾಯಕ ಬೇಕು, ಆ ಪಾತ್ರ ತೊಡಲು ತಾನು ತಯಾರು ಅನ್ನೋ ಲೆಕ್ಕಾಚಾರ ಆಮೇಲೆ ಗಟ್ಟಿಯಾದಂತೆ ಕಾಣುತ್ತೆ.

ಮುಂದಿನ ಪ್ರದರ್ಶನಗಳಲ್ಲಿ ಆ ಖಳನಾಯಕನಿಗೆ ಪ್ರತಿ ರಾತ್ರಿ ಶಿಕ್ಷೆ ಆಗ್ತಿತ್ತು. 1971ರಲ್ಲಿ ಎಲೆಕ್ಟ್ರಿಕ್ ಕುರ್ಚಿ, ಆಮೇಲೆ ಗಲ್ಲು, 1973ರ 'ಬಿಲಿಯನ್ ಡಾಲರ್ ಬೇಬೀಸ್' ಪ್ರವಾಸದಲ್ಲಿ ಗಿಲೊಟಿನ್. ಆ ಹೆಸರಿನ ಆಲ್ಬಮ್ಮು ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೇರಿತ್ತು. ಆಲಿಸ್ ಕೆಟ್ಟ ಕೆಲಸ ಮಾಡ್ತಾನೆ, ಹಿಡೀತಾರೆ, ತಲೆ ಕತ್ತರಿಸ್ತಾರೆ, ತಲೆಯನ್ನು ಎತ್ತಿ ಜನರಿಗೆ ತೋರಿಸ್ತಾರೆ. ಆಮೇಲೆ ಅವನು ಬಿಳಿ ಸೂಟು ತೊಟ್ಟು ಬರ್ತಾನೆ. ಇದರಷ್ಟು ನೀತಿವಂತ ಕಥೆ ನಮ್ಮ ಪಠ್ಯಪುಸ್ತಕದಲ್ಲೂ ಸಿಗೋದು ಕಷ್ಟ. ಅದೇ ಪ್ರದರ್ಶನದಲ್ಲಿ ಹಲ್ಲಿನ ಡಾಕ್ಟರನ ಹಾಡೊಂದಿದೆ, 'ಅನ್‌ಫಿನಿಶ್ಡ್ ಸ್ವೀಟ್'. ಮಿಠಾಯಿ ತಿಂದು ಹಲ್ಲು ಹಾಳಾದವನ ಸಂಕಟ. ಸ್ಟೇಜಿಗೆ ಆಳೆತ್ತರದ ಹಲ್ಲಿನ ವೇಷ ಕುಣೀತಾ ಬರುತ್ತೆ, ಆಲಿಸ್ ದೊಡ್ಡದೊಂದು ಟೂತ್‌ಬ್ರಷ್ ಹಿಡಿದು ಅದರ ಹಿಂದೆ ಬೀಳ್ತಾನೆ. ಗಿಲೊಟಿನ್‌ಗೆ ಹೆದರದ ಮಕ್ಕಳೂ ಹಲ್ಲಿನ ಡಾಕ್ಟರ್‌ಗೆ ಹೆದರ್ತಾರೆ ಅಂತ ಇವರಿಗೆ ಗೊತ್ತಿತ್ತು.

ಆ ಹಲ್ಲಿನ ಡಾಕ್ಟರ್ ಮತ್ತು ಕೊನೆಯಲ್ಲಿ ತಲೆ ಕತ್ತರಿಸುವ ಕಟುಕ, ಎರಡೂ ವೇಷ ಹಾಕ್ತಿದ್ದವನು ಜೇಮ್ಸ್ ರ್‍ಯಾಂಡಿ. ಗಿಲೊಟಿನ್ ಚಮತ್ಕಾರವನ್ನು ರೂಪಿಸಿದವನೂ ಅವನೇ. ಹೆಸರು ಕೇಳಿರಬೇಕು ನೀವು. ಮನಸ್ಸಿನ ಶಕ್ತಿಯಿಂದ ಚಮಚ ಬಗ್ಗಿಸ್ತೀನಿ ಅಂತಿದ್ದ ಯೂರಿ ಗೆಲ್ಲರ್‌ನಂಥವರ ಕೈಚಳಕವನ್ನು ಬಯಲಿಗೆಳೆದ ಜಾದೂಗಾರ. ಜೀವನದ ಬಹುಪಾಲನ್ನು ಪವಾಡದ ಹೆಸರಿನಲ್ಲಿ ಜನರನ್ನು ಸುಲಿಯುವವರ ವಿರುದ್ಧ ಕಳೆದವನು. ಇದು ಗೊತ್ತಾದಾಗ ನನಗೆ ಈ ಇಡೀ ಆಟದ ಬಾಗಿಲು ತೆರೆದ ಹಾಗಾಯ್ತು. ಜಾದೂಗಾರ ನಿಮಗೆ ಮೊದಲೇ ಹೇಳ್ತಾನೆ, ನಾನು ಮೋಸ ಮಾಡ್ತೀನಿ, ಹಿಡಿಯಿರಿ ನೋಡೋಣ ಅಂತ. ನೀವು ಆ ಒಪ್ಪಂದಕ್ಕೆ ದುಡ್ಡು ಕೊಟ್ಟು ಕೂತಿರ್ತೀರಿ. ಆಲಿಸ್‌ನ ಭೂತವೂ ಅಂಥದ್ದೇ. ಬಣ್ಣ ಕಾಣುವ ಹಾಗೇ ಬಳೀತಾರೆ, ಬ್ಲೇಡಿನ ಟ್ರಿಕ್ಕು ಟ್ರಿಕ್ಕೇ ಅಂತ ಎಲ್ಲರಿಗೂ ಗೊತ್ತು.

ಈಗ ನಾನು ಕೂತಿದ್ದ ಲೋಕಲ್ ಟ್ರೇನಿನೊಳಗೇ ನೋಡಿ. ಬಾಗಿಲ ಪಕ್ಕ, ಸೀಟಿನ ಮೇಲೆ, ಬಾಬಾ ಬಂಗಾಲಿಗಳ ಸ್ಟಿಕ್ಕರು. ವಶೀಕರಣ, ಸೌತನ್ ಕಾಟ, ಮಾಟ ತೆಗೆಯೋದು, ಎಲ್ಲ ಗ್ಯಾರಂಟಿ, ಕೆಳಗೆ ಫೋನ್ ನಂಬರು. ಇಲ್ಲಿ ಭೂತ ಇದೆ ಅಂತ ನಂಬಿಸಿ ದುಡ್ಡು ಕೀಳ್ತಾರೆ. ನಮ್ಮದೇ ಮೊಹಲ್ಲಾದ ಹೆಣ್ಣುಮಕ್ಕಳು ಕಿವಿಯೋಲೆ ಅಡವಿಟ್ಟು ಅಲ್ಲಿಗೆ ಹೋಗಿದ್ದು ನನಗೆ ಗೊತ್ತು. ಆ ಸ್ಟಿಕ್ಕರುಗಳನ್ನು ನಾವು ಇಪ್ಪತ್ತು ವರ್ಷದಿಂದ ನೋಡ್ತಾ ಕೂತಿದೀವಿ, ಯಾರೂ ಯಾರನ್ನೂ ಕರೆಸಿ ಕೇಳಲಿಲ್ಲ. ಥರ್ಮೋಕೋಲಿನ ಗಿಲೊಟಿನ್ ತಂದ ಹುಡುಗನ ಅಪ್ಪನನ್ನು ಕರೆಸಿದೆವು.

ಭಯದ ಆಟ ನಮಗೇನು ಹೊಸದೂ ಅಲ್ಲ. ನನ್ನ ನಾನಿ ಮಧ್ಯಾಹ್ನದ ಹೊತ್ತು ಹೇಳ್ತಿದ್ದ ಕಥೆಗಳಲ್ಲಿ ಜಾದೂಗಾರರು ಬೆಂಕಿ ಉಗುಳ್ತಿದ್ದರು, ಕತ್ತರಿಸಿದ ತಲೆ ಮಾತಾಡ್ತಿತ್ತು, ಅಯ್ಯಾರ್‌ಗಳು ವೇಷ ಬದಲಿಸಿ ಅವರಿಗೇ ಟೋಪಿ ಹಾಕ್ತಿದ್ದರು. ದೊಡ್ಡವಳಾದ ಮೇಲೆ ಗೊತ್ತಾಯ್ತು, ಅವೆಲ್ಲ 'ತಿಲಿಸ್ಮೆ ಹೋಶ್‌ರುಬಾ'ದ ಚೂರುಪಾರು. 1880ರ ದಶಕದಿಂದ ಲಖನೌದ ನವಲ್ ಕಿಶೋರ್ ಪ್ರೆಸ್ ದಪ್ಪ ದಪ್ಪ ಸಂಪುಟಗಳಲ್ಲಿ ಅಚ್ಚು ಹಾಕಿದ ದಾಸ್ತಾನು. ಐದು ಹೊತ್ತು ನಮಾಜು ತಪ್ಪಿಸದ ನಾನಿ ಆ ಜಾದೂಗಾರರ ದನಿಯನ್ನು ಎಷ್ಟು ಚೆನ್ನಾಗಿ ತೆಗೀತಿದ್ದಳು! ಯಾರೂ ಅವಳನ್ನು ಜಾದೂ ನಂಬುವವಳು ಅನ್ನಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಎರಡು ವರ್ಷದ ಮಗುವಿನ ಮುಂದೆ ದುಪಟ್ಟಾ ಮುಖಕ್ಕೆ ಎಳೆದುಕೊಂಡು ಗುಮ್ಮ ಅಂತೀವಲ್ಲ, ಅದೂ ಇದೇ. ಮಗು ಒಂದು ಕ್ಷಣ ನಿಜಕ್ಕೂ ಬೆಚ್ಚುತ್ತೆ. ದುಪಟ್ಟಾ ಸರಿದು ಅಮ್ಮಿಯ ಮುಖ ಕಂಡ ಕೂಡಲೇ ಕೇಕೆ ಹಾಕುತ್ತೆ. ಆಮೇಲೆ ಇನ್ನೊಂದ್ಸಲ ಮಾಡು ಅನ್ನುತ್ತೆ. ಆ ಇನ್ನೊಂದ್ಸಲಕ್ಕೇ ಜನ ಐವತ್ತು ವರ್ಷದಿಂದ ಆಲಿಸ್ ಕೂಪರ್‌ನ ಟಿಕೆಟ್ ಕೊಳ್ಳೋದು.

ಇದಕ್ಕೆ ಒಳ್ಳೆ ಸಾಕ್ಷಿ 1975ರ 'ವೆಲ್‌ಕಮ್ ಟು ಮೈ ನೈಟ್‌ಮೇರ್' ಆಲ್ಬಮ್ಮು. ಹಳೇ ತಂಡ ಒಡೆದು, ವಿನ್ಸೆಂಟ್ ಒಬ್ಬನೇ ಆಲಿಸ್ ಆಗಿ ಮಾಡಿದ ಮೊದಲ ಆಲ್ಬಮ್. ಸ್ಟೀವನ್ ಅನ್ನೋ ಹುಡುಗನ ಕೆಟ್ಟ ಕನಸಿನ ಸುತ್ತ ಹಾಡುಗಳಿವೆ. ಒಂದು ಕಡೆ ಹಾಲಿವುಡ್‌ನ ಹಳೇ ಹಾರರ್ ನಟ ವಿನ್ಸೆಂಟ್ ಪ್ರೈಸ್ ದನಿ ಬರುತ್ತೆ. ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' ಹಾಡಿನ ಕೊನೆಯಲ್ಲಿ ನಗ್ತಾನಲ್ಲ, ಆ ದನಿಯೇ, ಏಳು ವರ್ಷ ಮೊದಲು. ಇಲ್ಲಿ ಅವನು ಮ್ಯೂಸಿಯಮ್ಮಿನ ಮೇಲ್ವಿಚಾರಕ. ಕೀಟಗಳನ್ನು ತೋರಿಸುತ್ತಾ, ಬ್ಲ್ಯಾಕ್ ವಿಡೋ ಜೇಡದ ಬಗ್ಗೆ ಮೇಷ್ಟ್ರ ಹಾಗೆ ಗಂಭೀರವಾಗಿ ಪಾಠ ಶುರು ಮಾಡ್ತಾನೆ. ಹೇಳ್ತಾ ಹೇಳ್ತಾ ಜೇಡದ ಮೇಲೆ ಅಭಿಮಾನ ಉಕ್ಕಿ, ತಾನೇ ಅದರ ಭಕ್ತನಾಗಿಬಿಡ್ತಾನೆ. ತನ್ನ ವಿಷಯದ ಮೇಲೆ ಹುಚ್ಚು ಹಿಡಿದ ಇಂಥ ಮೇಷ್ಟ್ರುಗಳನ್ನು ನೀವು ಕಂಡಿದೀರಿ. ನಮ್ಮ ಸ್ಟಾಫ್ ರೂಮಿನಲ್ಲೂ ಒಬ್ಬರಿದಾರೆ, ಅವರ ವಿಷಯ ಭೂಗೋಳ.

ಇಷ್ಟೆಲ್ಲ ಹೊಗಳಿದ ಮೇಲೆ ಎಡವಿದ ಜಾಗವನ್ನೂ ಹೇಳಬೇಕು. ಇದೇ ಆಲ್ಬಮ್ಮಿನಲ್ಲಿ 'ಕೋಲ್ಡ್ ಎಥಿಲ್' ಅನ್ನೋ ಹಾಡಿದೆ. ಸತ್ತ ಹೆಂಗಸೊಬ್ಬಳನ್ನು ಪ್ರೇಯಸಿ ಅಂದುಕೊಂಡವನ ಹಾಡು, ಕಾಲು ಕುಣಿಸುವ ಧಾಟಿ. ಸ್ಟೇಜಿನ ಮೇಲೆ ಹೆಣ್ಣಿನಾಕಾರದ ಬಟ್ಟೆಯ ಬೊಂಬೆಯನ್ನು ಎಳೆದಾಡಿ ಎಸೆದಾಡ್ತಾನೆ. ಎಲ್ಲರೂ ನಗ್ತಾರೆ. ನನಗೆ ನಗು ಬರಲಿಲ್ಲ. ಮೂರು ಸಲ ನೋಡಿದೆ, ಮೂರು ಸಲವೂ ಬರಲಿಲ್ಲ. ಬರೀ ಬೊಂಬೆ ತಾನೇ, ಗಿಲೊಟಿನ್‌ಗೆ ನಕ್ಕವಳಿಗೆ ಇದಕ್ಕೇನು ಅಡ್ಡಿ ಅಂತ ನನ್ನನ್ನೇ ಕೇಳಿಕೊಂಡೆ. ಯೋಚಿಸಿದಾಗ ಅನ್ನಿಸಿದ್ದು ಇದು. ಗಿಲೊಟಿನ್ ಕೆಳಗೆ ತಲೆ ಕೊಡುವವನು ಸ್ವತಃ ಆಲಿಸ್. ಪೆಟ್ಟು ತಿನ್ನುವವನೂ ಆಟದೊಳಗಿದ್ದಾನೆ, ಎದ್ದು ಬಂದು ನಗುವವನೂ ಅವನೇ. ಬೊಂಬೆಯ ಕಡೆಯಿಂದ ಆಡುವವರು ಯಾರೂ ಇಲ್ಲ. ಅದಕ್ಕೆ ಬಿಳಿ ಸೂಟೂ ಇಲ್ಲ, ವಾಪಸ್ ಬರೋದೂ ಇಲ್ಲ. ಕಣ್ಣಾಮುಚ್ಚಾಲೆಯಲ್ಲಿ ಒಬ್ಬಳನ್ನು ಕಟ್ಟಿಹಾಕಿ ಉಳಿದವರು ಆಡಿದ ಹಾಗೆ.

ವಿಚಿತ್ರ ಅಂದ್ರೆ ಅದೇ ಆಲ್ಬಮ್ಮಿನಲ್ಲಿ 'ಓನ್ಲಿ ವಿಮೆನ್ ಬ್ಲೀಡ್' ಇದೆ. ಗಂಡನ ಕೈಯಲ್ಲಿ ಹೊಡೆತ ತಿಂದು ಸಂಸಾರ ಎಳೆಯುವ ಹೆಂಗಸಿನ ಹಾಡು. ವೇಷ ಇಲ್ಲ, ಭೂತ ಇಲ್ಲ, ನಿಧಾನಕ್ಕೆ ಹೋಗುತ್ತೆ. ಈ ಹಾಡನ್ನು ನಾನು ನಮ್ಮ ಬಿಲ್ಡಿಂಗಿನ ಇಬ್ಬರು ಹೆಂಗಸರಿಗೆ ಅರ್ಥ ಹೇಳಿ ಕೇಳಿಸಿದೆ. ಇಬ್ಬರೂ ಏನೂ ಮಾತಾಡಲಿಲ್ಲ. ಇದನ್ನು ಬರೆದವನೇ ಬೊಂಬೆಯನ್ನೂ ಒದ್ದವನು. ಒಂದರ ಪುಣ್ಯದಲ್ಲಿ ಇನ್ನೊಂದನ್ನು ಮಾಫ್ ಮಾಡುವ ಲೆಕ್ಕ ನನಗೆ ಬರೋದಿಲ್ಲ. 1971ರ 'ಡೆಡ್ ಬೇಬೀಸ್' ಕಥೆ ಉಲ್ಟಾ. ಹೆಸರು ಕೇಳಿದರೆ ಮೈ ಜುಂ ಅನ್ನುತ್ತೆ, ಸ್ಟೇಜಿನಲ್ಲಿ ಮಗುವಿನ ಬೊಂಬೆಗೆ ಕೊಡಲಿ ಬೀಳುತ್ತೆ. ಪದ ಕೇಳಿದರೆ, ಅಪ್ಪ ಅಮ್ಮ ಗಮನ ಕೊಡದ ಮನೆಯಲ್ಲಿ ಮಾತ್ರೆ ನುಂಗಿ ಸತ್ತ ಮಗುವಿನ ಬಗ್ಗೆ ಸಿಟ್ಟಿನಿಂದ ಬರೆದ ಹಾಡು. ಆ ಕ್ರೌರ್ಯ ಮಾಡಿದವನಿಗೆ ಗಲ್ಲಾಗೋದು ಅದೇ ಪ್ರದರ್ಶನದಲ್ಲಿ. ಅಲ್ಲಿ ಭೀಕರತೆಗೆ ಕೆಲಸ ಇದೆ, 'ಕೋಲ್ಡ್ ಎಥಿಲ್'ನಲ್ಲಿ ಇಲ್ಲ.

ಇನ್ನೊಂದು ಬೆಲೆಯನ್ನು ಅವನೇ ತೆತ್ತ. ಎಪ್ಪತ್ತರ ದಶಕದಲ್ಲಿ ಕುಡಿತ ಕೈ ಮೀರಿತು, 1977ರಲ್ಲಿ ಆಸ್ಪತ್ರೆ ಸೇರಿದ. ಅಲ್ಲಿ ಕಂಡ ರೋಗಿಗಳನ್ನೇ ಪಾತ್ರ ಮಾಡಿ 1978ರಲ್ಲಿ 'ಫ್ರಮ್ ದಿ ಇನ್‌ಸೈಡ್' ತಂದ. ಅದೇ ವರ್ಷ ಮಕ್ಕಳ ಬೊಂಬೆಯಾಟ 'ಮಪೆಟ್ ಶೋ'ಗೆ ಅತಿಥಿಯಾಗಿ ಹೋಗಿ, ಬೊಂಬೆಗಳಿಗೆ ಸೈತಾನನ ಏಜೆಂಟನಂತೆ ಕರಾರು ಪತ್ರ ಹಿಡಿದು ನಗಿಸಿದ್ದೂ ಇದೆ. ಸ್ಟೇಜ್ ಇಳಿದ ಮೇಲೂ ಆಲಿಸ್ ಆಗಿಯೇ ಇರಬೇಕು ಅಂದುಕೊಂಡಿದ್ದೇ ತನ್ನನ್ನು ಹಾಳು ಮಾಡಿದ್ದು ಅಂತ ಅವನು ಆಮೇಲೆ ಅನೇಕ ಸಲ ಹೇಳಿದಾನೆ. ಎಂಬತ್ತರ ದಶಕದಲ್ಲಿ ಕುಡಿತ ಬಿಟ್ಟ. ಈಗ ಆಲಿಸ್ ಬಗ್ಗೆ ಮಾತಾಡುವಾಗ 'ಅವನು' ಅಂತಾನೆ, 'ನಾನು' ಅನ್ನೋದಿಲ್ಲ. ಹಗಲು ಗಾಲ್ಫ್ ಆಡ್ತಾನೆ, ಚರ್ಚಿಗೆ ಹೋಗ್ತಾನೆ, ರಾತ್ರಿ ತಲೆ ಕತ್ತರಿಸಿಕೊಳ್ತಾನೆ.

ಇವನ ದಾರಿಯಲ್ಲಿ ಬಂದವರು ಬಹಳ. ಕಿಸ್ ತಂಡದವರು ಬಣ್ಣ ಬಳಿದರು, ಜೀನ್ ಸಿಮನ್ಸ್ ಬೆಂಕಿ ಉಗುಳಿ, ಬಾಯಿಂದ ನಕಲಿ ರಕ್ತ ಸುರಿಸಿದ. 1977ರಲ್ಲಿ ಮಾರ್ವೆಲ್‌ನವರು ಇವರ ಕಾಮಿಕ್ಸ್ ತಂದಾಗ ಕೆಂಪು ಶಾಯಿಗೆ ನಾಲ್ವರ ರಕ್ತದ ಹನಿ ಬೆರೆಸಿದ್ದರು. ವ್ಯಾಪಾರ ಜೋರು. ಆದರೆ ಅಲ್ಲಿ ಭೂತ ಪ್ರತಿ ರಾತ್ರಿ ಗೆಲ್ಲುತ್ತೆ, ಶಿಕ್ಷೆಯೇ ಇಲ್ಲ, ಅದಕ್ಕೇ ನನಗೆ ಅರ್ಧ ಗಂಟೆಗೆ ಬೇಜಾರಾಯ್ತು. ಫಿನ್ಲೆಂಡಿನ ಲೋರ್ಡಿ ತಂಡ ರಾಕ್ಷಸರ ಮುಖವಾಡ ಹಾಕ್ಕೊಂಡು 2006ರಲ್ಲಿ ಅಥೆನ್ಸ್‌ನಲ್ಲಿ ನಡೆದ ಯೂರೋವಿಷನ್ ಸ್ಪರ್ಧೆ ಗೆದ್ದಿತು, ಆ ದೇಶಕ್ಕೆ ಅದು ಮೊದಲ ಗೆಲುವು. ಆ ಹಾಡು ಕೇಳಿ, ಮುಖವಾಡದ ಹಿಂದೆ ಅಪ್ಪಟ ಮಕ್ಕಳ ಉತ್ಸಾಹ ಇದೆ. ಸ್ವೀಡನ್ನಿನ ಗೋಸ್ಟ್ ತಂಡದ ಗಾಯಕ ಪೋಪರ ಹಾಗೆ ಉಡುಪು ತೊಟ್ಟು ತಲೆಬುರುಡೆಯ ಮುಖ ಮಾಡಿಕೊಳ್ತಾನೆ. ಸಂಗೀತ ಇವರೆಲ್ಲರಿಗಿಂತ ಇಂಪಾಗಿದೆ. ತಮ್ಮ ಸಮಾಜದ ಪಾದ್ರಿಗಳನ್ನೇ ಅಣಕಿಸೋದರಿಂದ ನಾನು ಕೂತು ಕೇಳಿದೆ. ಪಕ್ಕದ ಮನೆಯವರ ನಂಬಿಕೆಯನ್ನು ಅಣಕಿಸಿದ್ದರೆ ನನ್ನ ಅಭಿಪ್ರಾಯ ಬೇರೆ ಇರ್ತಿತ್ತು.

ಆ ಅಬ್ಬಾನ ಪ್ರಶ್ನೆಗೆ ಈಗ ಉತ್ತರ ಕೊಡ್ತೀನಿ. ಅಲ್ಲಿ, ಪೂಜೆ ಅಲ್ಲ. ಗದ್ದಲದ ಸಂಗೀತ ನಮ್ಮ ಮನೆಗೆ ಬೇಡ ಅನ್ನುವವರ ಮಾತು ಬೇರೆ, ಅದನ್ನು ಗೌರವಿಸ್ತೀನಿ. ಆದರೆ ಮಗು ಕಣ್ಣಿಗೆ ಕಪ್ಪು ಬಳಿದುಕೊಂಡ ತಕ್ಷಣ ಅದರ ಮನಸ್ಸೂ ಕಪ್ಪಾಯ್ತು ಅಂತ ನಾನು ಹೇಳಬಾರದಿತ್ತು. ಕೇಳುವ ಮನಸ್ಸಿದ್ದರೆ 'ನೋ ಮೋರ್ ಮಿಸ್ಟರ್ ನೈಸ್ ಗೈ'ಯಿಂದ ಶುರು ಮಾಡಿ. 1973ರದ್ದು, ಮೂರು ನಿಮಿಷ. ಒಳ್ಳೆಯವನಾಗಿದ್ದೆ, ಈಗ ನಾಯಿಯೂ ಕಚ್ಚುತ್ತೆ, ಅಮ್ಮನನ್ನೂ ಜನ ದೂರ ಇಡ್ತಾರೆ, ಚರ್ಚಿಗೆ ಹೋದರೆ ಪಾದ್ರಿಯೇ ಮೂಗಿಗೆ ಗುದ್ದಿದ ಅಂತ ಭೂತವೊಂದು ನಿಮ್ಮ ಹತ್ತಿರ ದೂರು ಹೇಳಿಕೊಳ್ಳುವ ಹಾಡು.

ಹೋದ ತಿಂಗಳು ಆ ಹುಡುಗನ ನಂಬರು ಹುಡುಕಿ ಮೆಸೇಜ್ ಹಾಕಿದೆ. ಚೀಟಿಯ ಹಾಡೆಲ್ಲ ಕೇಳಿದೆ, ತಪ್ಪು ನನ್ನದು, ಮಾಫ್ ಮಾಡು ಅಂತ. ಅವನೀಗ ಜೂನಿಯರ್ ಕಾಲೇಜು. ಎರಡು ದಿನ ಬಿಟ್ಟು ಉತ್ತರ ಬಂತು: "ಮಿಸ್, ನಾನು ಈಗ ಅದನ್ನ ಜಾಸ್ತಿ ಕೇಳಲ್ಲ, ನುಸ್ರತ್ ಸಾಬ್ರದ್ದು ಕೇಳ್ತಿದೀನಿ. ಆದ್ರೆ ಗಿಲೊಟಿನ್ ಇನ್ನೂ ಇದೆ. ಬ್ಲೇಡ್ ಮುರಿದಿದೆ. ಅಮ್ಮಿ ಅದರ ಚೌಕಟ್ಟಿನ ಮೇಲೆ ಟವೆಲ್ ಒಣಗಿಸ್ತಾರೆ."